ವಿಮ್ ಮತ್ತು ನಿಯೋವಿಮ್‌ಗಳ ನಡುವೆ ಪ್ಲಗಿನ್‌ಗಳ ಹಂಚಿಕೆ

ವಿಮ್ ಮತ್ತು ನಿಯೋವಿಮ್‌ಗಳ ನಡುವೆ ಪ್ಲಗಿನ್‌ಗಳ ಹಂಚಿಕೆ ಎಂದರೆ, ಒಂದೇ ಗಣಕಯಂತ್ರದಲ್ಲಿ ಪ್ರತ್ಯೇಕವಾಗಿ ಅನುಸ್ಥಾಪಿಸಲಾದ ಈ ಎರಡು ಪಠ್ಯ ಸಂಪಾದಕ ತಂತ್ರಾಂಶಗಳು ಪ್ಲಗಿನ್ ಕಡತಗಳ ಒಂದೇ ಪ್ರತಿಯನ್ನು ಬಳಸುವಂತೆ ಮಾಡುವ ಏರ್ಪಾಡು. ಪರಿಚಿತವಾದ ವಿಮ್ ಅನ್ನು ಬಿಡದೆ ನಿಯೋವಿಮ್ ಅನ್ನು ಪರೀಕ್ಷಿಸಬಯಸುವವರು ಇದನ್ನು ಹೆಚ್ಚಾಗಿ ಅನುಸರಿಸುತ್ತಾರೆ.

ಹಿನ್ನೆಲೆ

ಬ್ರಾಮ್ ಮೋಲೆನಾರ್ ಅವರು ರಚಿಸಿದ ವಿಮ್ 1991ರಲ್ಲಿ ಬಿಡುಗಡೆಯಾಯಿತು. 2014ರಲ್ಲಿ ಅದರ ಆಕರ ಸಂಕೇತದಿಂದ ಕವಲೊಡೆದು ನಿಯೋವಿಮ್ ಆರಂಭವಾಯಿತು. ಲಿನಕ್ಸ್‌ನಲ್ಲಿ ವಿಮ್ ಪ್ಲಗಿನ್‌ಗಳನ್ನು ಬಳಕೆದಾರರ ಹೋಮ್ ಕಡತಕೋಶದ ‘.ವಿಮ್’ ಎಂಬಲ್ಲಿ ಹುಡುಕುತ್ತದೆ, ನಿಯೋವಿಮ್ ‘.ಕಾನ್ಫಿಗ್/ಎನ್‌ವಿಮ್’ ಎಂಬಲ್ಲಿ ಹುಡುಕುತ್ತದೆ. ಆದ್ದರಿಂದ ಒಂದಕ್ಕೆ ಸೇರಿಸಿದ ಪ್ಲಗಿನ್ ಇನ್ನೊಂದಕ್ಕೆ ತಾನಾಗಿ ಕಾಣಿಸುವುದಿಲ್ಲ.

ಹಂಚಿಕೆಯ ವಿಧಾನ

ಎರಡೂ ಸಂಪಾದಕಗಳಲ್ಲಿ ‘ರನ್‌ಟೈಮ್‌ಪಾತ್’ ಎಂಬ ಆಯ್ಕೆಯಿದೆ. ಸಹಾಯಕ ಕಡತಗಳನ್ನು ಯಾವ ಯಾವ ಕಡತಕೋಶಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಅದು ತಿಳಿಸುತ್ತದೆ. ನಿಯೋವಿಮ್‌ನ ಆರಂಭಿಕ ಕಡತವಾದ ‘ಇನಿಟ್.ವಿಮ್’ನಲ್ಲಿ ಈ ಪಟ್ಟಿಯ ಮೊದಲಿಗೆ ‘.ವಿಮ್’ ಕೋಶವನ್ನೂ ಕೊನೆಗೆ ಅದರೊಳಗಿನ ‘ಆಫ್ಟರ್’ ಕೋಶವನ್ನೂ ಸೇರಿಸಬೇಕು. ಈ ಕ್ರಮ ಮುಖ್ಯವಾದುದು: ಪ್ಲಗಿನ್‌ನ ಹೊಂದಿಕೆಗಳನ್ನು ಬಳಕೆದಾರರು ತಿದ್ದಿಕೊಳ್ಳುವುದು ‘ಆಫ್ಟರ್’ನಲ್ಲಿ, ಅದು ಮುಂಚೆಯೇ ಓದಲ್ಪಟ್ಟರೆ ತಿದ್ದುಪಡಿಗಳ ಮೇಲೆ ಮೂಲ ಹೊಂದಿಕೆಗಳೇ ಮತ್ತೆ ಕೂರುತ್ತವೆ.

2016ರಲ್ಲಿ ಬಂದ ವಿಮ್ 8ರಿಂದ ‘ಪ್ಯಾಕೇಜ್’ ವ್ಯವಸ್ಥೆ ಜಾರಿಯಲ್ಲಿದೆ. ಅದರ ಹುಡುಕಾಟಕ್ಕೆ ‘ಪ್ಯಾಕ್‌ಪಾತ್’ ಎಂಬ ಬೇರೊಂದು ಆಯ್ಕೆ ಇರುವುದರಿಂದ ಅದಕ್ಕೂ ಇದೇ ಪಟ್ಟಿಯನ್ನು ಕೊಡಬೇಕಾಗುತ್ತದೆ. ಇದನ್ನು ಮರೆಯುವುದರಿಂದಲೇ ಕೆಲವು ಪ್ಲಗಿನ್‌ಗಳು ಬಂದು ಕೆಲವು ಬಾರದೆ ಹೋಗುವುದುಂಟು. ಕೊನೆಯಲ್ಲಿ ‘.ವಿಮ್‌ಆರ್‌ಸಿ’ ಕಡತವನ್ನು ಓದಿಸಿದರೆ ಹೊಂದಿಕೆಗಳೂ ಹಂಚಿಕೆಯಾಗುತ್ತವೆ. ಪ್ಲಗಿನ್‌ಗಳು ಆರಂಭಿಕ ಕಡತವನ್ನು ಓದಿ ಮುಗಿಸಿದ ಬಳಿಕ ಲೋಡ್ ಆಗುವುದರಿಂದ ಈ ಮೂರು ಸಾಲುಗಳೇ ಸಾಕು. ಕಡತಗಳನ್ನು ನಕಲು ಮಾಡುವ ಅಗತ್ಯವಿಲ್ಲ.

ಮಿತಿಗಳು

ಕಡತವನ್ನು ಹಂಚಿಕೊಳ್ಳುವುದು ಸುಲಭ. ಅದನ್ನು ಬರೆದಿರುವ ಭಾಷೆ ಎರಡಕ್ಕೂ ತಿಳಿದಿರಬೇಕಲ್ಲವೆ? ಹಳೆಯ ವಿಮ್‌ಸ್ಕ್ರಿಪ್ಟ್‌ನಲ್ಲಿರುವ ಪ್ಲಗಿನ್‌ಗಳು ಬಹುಮಟ್ಟಿಗೆ ಎರಡರಲ್ಲೂ ನಡೆಯುತ್ತವೆ. ಆದರೆ ನಿಯೋವಿಮ್ ಲುವಾ ಭಾಷೆಯತ್ತ ಹೊರಳಿತು, 2021ರ 0.5 ಆವೃತ್ತಿಯಿಂದ ಆರಂಭಿಕ ಕಡತವನ್ನೇ ಲುವಾದಲ್ಲಿ ಬರೆಯಬಹುದಾಗಿದೆ. ವಿಮ್ 2022ರ 9ನೇ ಆವೃತ್ತಿಯಲ್ಲಿ ವಿಮ್9 ಸ್ಕ್ರಿಪ್ಟ್ ಎಂಬ ಹೊಸ ಭಾಷೆಯನ್ನು ತಂದಿತು. ನಿಯೋವಿಮ್ ಇದನ್ನು ನಡೆಸುವುದಿಲ್ಲ. ವಿಮ್ ಅನ್ನು ಲುವಾ ಬೆಂಬಲದೊಡನೆ ಕಟ್ಟಬಹುದಾದರೂ, ನಿಯೋವಿಮ್‌ನ ಪ್ಲಗಿನ್‌ಗಳು ಅವಲಂಬಿಸುವ ಕಾರ್ಯಗಳು ಅದರಲ್ಲಿ ಇರುವುದಿಲ್ಲ. ಪೈಥಾನ್ ಪ್ಲಗಿನ್‌ಗಳ ವಿಷಯದಲ್ಲೂ ಎಚ್ಚರ ಬೇಕು: ವಿಮ್ ತನ್ನೊಳಗೇ ಪೈಥಾನ್ ಅನ್ನು ಅಡಕಗೊಳಿಸಿಕೊಳ್ಳುತ್ತದೆ, ನಿಯೋವಿಮ್ ಪ್ರತ್ಯೇಕ ಪ್ರಕ್ರಿಯೆಯೊಂದರ ಮೂಲಕ ಅದನ್ನು ನಡೆಸುತ್ತದೆ.

ಆದ್ದರಿಂದ ಎಲ್ಲವನ್ನೂ ಹಂಚುವುದಕ್ಕಿಂತ ಆರಿಸಿ ಹಂಚುವುದು ಒಳಿತು. ಒಂದಕ್ಕೆ ಮಾತ್ರ ಸೇರಿದ ಪ್ಲಗಿನ್ ಅನ್ನು ಪ್ಯಾಕೇಜ್‌ನ ‘ಆಪ್ಟ್’ ಕೋಶದಲ್ಲಿಟ್ಟರೆ ಅದು ತಾನಾಗಿ ಲೋಡ್ ಆಗುವುದಿಲ್ಲ. ನಡೆಯುತ್ತಿರುವುದು ನಿಯೋವಿಮ್ ಹೌದೋ ಅಲ್ಲವೋ ಎಂದು ‘ಹ್ಯಾಸ್’ ಕಾರ್ಯದಿಂದ ಪರಿಶೀಲಿಸಿ, ‘ಪ್ಯಾಕ್‌ಆ್ಯಡ್’ ಆದೇಶದಿಂದ ಕರೆಯಬಹುದು.

ಪ್ರತಿ ಒಂದೇ ಆಗಿರುವುದರಿಂದ ನವೀಕರಣವೂ ಎರಡಕ್ಕೂ ಒಟ್ಟಿಗೇ ತಗಲುತ್ತದೆ. ನಿಯೋವಿಮ್‌ಗೆಂದು ನವೀಕರಿಸಿದ ಪ್ಲಗಿನ್ ಹಳೆಯ ವಿಮ್ ಆವೃತ್ತಿಯಲ್ಲಿ ದೋಷ ತೋರಬಹುದು. ಇನ್ನು ಆದೇಶಗಳ ಇತಿಹಾಸ, ಗುರುತುಗಳು ಮೊದಲಾದವು ಈ ಹಂಚಿಕೆಗೆ ಒಳಪಡುವುದಿಲ್ಲ. ಅವುಗಳನ್ನು ವಿಮ್ ‘ವಿಮ್‌ಇನ್ಫೋ’ದಲ್ಲಿಯೂ ನಿಯೋವಿಮ್ ‘ಶಾಡಾ’ ಎಂಬ ಬೇರೆ ರೂಪದ ಕಡತದಲ್ಲಿಯೂ ಉಳಿಸುತ್ತವೆ.