ಐದನೇ ಕ್ಲಾಸಿನ ಮಗುವಿಗೆ ಎರಡನೇ ಕ್ಲಾಸಿನ ಪಾಠ: ಮುಂಬೈನ ಪ್ರಯೋಗ ಜಾಂಬಿಯಾ ತಲುಪಿದ್ದು ಹೇಗೆ?

ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8 ಮಾತ್ರ. ಇದು 2024ರ 'ಅಸರ್' ಸಮೀಕ್ಷೆಯ ಲೆಕ್ಕ. ಹಾಗಂತ ಮಕ್ಕಳು ಶಾಲೆಗೆ ಸೇರುತ್ತಿಲ್ಲ ಎಂದಲ್ಲ. 6ರಿಂದ 14 ವರ್ಷದವರಲ್ಲಿ ಶೇ 98ರಷ್ಟು ಮಕ್ಕಳ ಹೆಸರು ಯಾವುದಾದರೊಂದು ಶಾಲೆಯಲ್ಲಿದೆ. ಹೆಸರಿದೆ, ಓದು ಮಾತ್ರ ಇಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ತರಗತಿಗಳು ವಯಸ್ಸಿನ ಪ್ರಕಾರ ಮುಂದೆ ಸಾಗುತ್ತವೆ, ಪಠ್ಯಪುಸ್ತಕವೂ ಜೊತೆಗೇ ಓಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೇ ನಿಗದಿತ ಅವಧಿಯಲ್ಲಿ ಪೂರ್ತಿ ಪಠ್ಯಕ್ರಮ ಮುಗಿಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಪ್ಪಿಸಿಕೊಂಡ ಮಗುವಿಗಾಗಿ ನಾಲ್ಕನೇ ಕ್ಲಾಸಿನ ಮೇಷ್ಟ್ರು ಹಿಂದಕ್ಕೆ ಹೋಗುವುದಾದರೂ ಯಾವಾಗ?

ಬಾಲಸಖಿ ಎಂದರೆ ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದು ಮುಂಬೈನ 'ಪ್ರಥಮ್' ಸಂಸ್ಥೆ. ಮಾಧವ ಚವಾಣ್ ಮತ್ತು ಫರೀದಾ ಲಾಂಬೆ 1990ರ ದಶಕದ ಮಧ್ಯಭಾಗದಲ್ಲಿ ಕೊಳೆಗೇರಿಗಳ ಬಾಲವಾಡಿಗಳಿಂದ ಕೆಲಸ ಶುರು ಮಾಡಿದರು. ಮುಂದೆ ಪಾಲಿಕೆ ಶಾಲೆಗಳಿಗೆ 'ಬಾಲಸಖಿ'ಯರು ಬಂದರು. ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಯುವತಿಯರು. ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಅಕ್ಷರ, ಲೆಕ್ಕ ಹೇಳಿಕೊಡುವುದು ಅವರ ಕೆಲಸ.

2001ರಿಂದ 2003ರ ನಡುವೆ ಮುಂಬೈ ಮತ್ತು ವಡೋದರಾದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಳಪಡಿಸಿದರು. ಬಾಲಸಖಿಯರಿದ್ದ ಶಾಲೆಗಳಲ್ಲಿ ಅಂಕಗಳು ಸ್ಪಷ್ಟವಾಗಿ ಏರಿದ್ದವು. ತೀರಾ ಹಿಂದುಳಿದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು. 2019ರಲ್ಲಿ ಈ ಇಬ್ಬರು ಮೈಕಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರ ಹೆಸರಿನೊಂದಿಗೆ ಮತ್ತೆ ಮತ್ತೆ ಕೇಳಿಬಂದ ಕೆಲಸಗಳಲ್ಲಿ ಇದೂ ಒಂದು.

ಬಿಹಾರದಲ್ಲಿ ಎಡವಿದ್ದೆಲ್ಲಿ?

ಸರ್ಕಾರಿ ವ್ಯವಸ್ಥೆಯೊಳಗೆ ಇದನ್ನು ತರುವುದು ಸುಲಭವಾಗಲಿಲ್ಲ. ಈ ಕಥೆಯಲ್ಲಿ ನೊಬೆಲ್‌ಗಿಂತ ಮುಖ್ಯವಾದ ಭಾಗ ಇದೇ. ಬಿಹಾರದಲ್ಲಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಕೊಟ್ಟರೂ ಶಾಲಾ ದಿನಗಳಲ್ಲಿ ಫಲಿತಾಂಶ ಬಹುತೇಕ ಶೂನ್ಯ. ಆದರೆ 2008ರ ಬೇಸಿಗೆ ರಜೆಯ ಒಂದು ತಿಂಗಳ ಶಿಬಿರದಲ್ಲಿ ಅದೇ ಸರ್ಕಾರಿ ಶಿಕ್ಷಕರು ಪಾಠ ಮಾಡಿದಾಗ ಮಕ್ಕಳು ಓದಲು ಕಲಿತರು. ಅಂದರೆ ತೊಂದರೆ ಮೇಷ್ಟ್ರ ಸಾಮರ್ಥ್ಯದಲ್ಲಿರಲಿಲ್ಲ. ಶಾಲೆ ತೆರೆದ ತಕ್ಷಣ ಅವರನ್ನು ಸಿಲೆಬಸ್ ಎಳೆದುಕೊಳ್ಳುತ್ತಿತ್ತು.

ಈ ಪಾಠ ಹರಿಯಾಣದಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ದಿನಕ್ಕೆ ಒಂದು ಗಂಟೆ ಇದಕ್ಕೆಂದೇ ಮೀಸಲಿಟ್ಟು, ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಕೂರಿಸಲಾಯಿತು. ಅಕ್ಷರ ಬಾರದವರು ಒಂದು ಗುಂಪು, ಪದ ಓದುವವರು ಇನ್ನೊಂದು. ಹಿಂದಿ ಓದು ಸುಧಾರಿಸಿತು, ಗಣಿತ ಮಾತ್ರ ಕದಲಲಿಲ್ಲ. ಅದೇ ಹೊತ್ತಿಗೆ ಪರೀಕ್ಷಿಸಲಾದ, ಆಗ ಭಾರೀ ಸದ್ದು ಮಾಡಿದ್ದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಿಂದ ಯಾವ ಪರಿಣಾಮವೂ ಕಾಣಲಿಲ್ಲ.

ಆಫ್ರಿಕಾಕ್ಕೆ ಹೋದ ವಿಧಾನ

ಜಾಂಬಿಯಾ ಸರ್ಕಾರ 2016ರಲ್ಲಿ 'ಕ್ಯಾಚ್ ಅಪ್' ಹೆಸರಿನಲ್ಲಿ 80 ಶಾಲೆಗಳಲ್ಲಿ ಇದೇ ವಿಧಾನವನ್ನು ಪ್ರಯೋಗಿಸಿತು. ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ನ್ಯಾಂಜಾ, ಟೊಂಗಾದಂಥ ಸ್ಥಳೀಯ ಭಾಷೆಗಳಲ್ಲಿ ಓದು ಕಲಿಸಲಾಯಿತು. ಬಳಿಕ ಪೂರ್ವ ಮತ್ತು ದಕ್ಷಿಣ ಪ್ರಾಂತ್ಯಗಳ ಸುಮಾರು 1,800 ಶಾಲೆಗಳಿಗೆ ವಿಸ್ತರಿಸಲಾಯಿತು. ಭಾಷೆಯ ಈ ವಿಚಾರ ಮುಂಬೈ ಕನ್ನಡಿಗರಿಗೆ ಹೊಸದೇನಲ್ಲ. ಅಲ್ಲಿನ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತಾ ಬಂದಿದೆ.

ಕರ್ನಾಟಕದಲ್ಲಿ 'ಓದು ಕರ್ನಾಟಕ' ಇದೇ ಮಾದರಿಯದ್ದು. ಕೋವಿಡ್ ನಂತರ 2022–23ರಲ್ಲಿ 'ಕಲಿಕಾ ಚೇತರಿಕೆ' ಬಂತು. ಕೇಂದ್ರದ 'ನಿಪುಣ್ ಭಾರತ್' ಯೋಜನೆ ಆರಂಭವಾದದ್ದು 2021ರ ಜುಲೈ 5ರಂದು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕೆಂಬುದು ಗುರಿ, ಗಡುವು 2026–27. ಅಸರ್ 2024ರ ಪ್ರಕಾರ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲವರು ಶೇ 23.4.