ರಿಜರ್ವ್ ಬ್ಯಾಂಕಿನ ಮಾತು ರೈತನಿಗೆ ಏಕೆ ಬೇಕು?

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಭಾಗದಲ್ಲಿ ಮೆಕ್ಕೆಜೋಳ ಬಿತ್ತುವ ರೈತ ಬಾಂಧವರು ಮಳೆಯ ಮುನ್ಸೂಚನೆಯನ್ನು ತಪ್ಪದೆ ಕೇಳುತ್ತಾರೆ. ಸುಮಾರು ಎರಡು ತಿಂಗಳಿಗೊಮ್ಮೆ ಮುಂಬಯಿಯಿಂದ ಹೊರಡುವ ಇನ್ನೊಂದು ಪ್ರಕಟಣೆಗೆ ಕಿವಿಗೊಡುವವರು ಕಡಿಮೆ. ಅದು ಭಾರತೀಯ ರಿಜರ್ವ್ ಬ್ಯಾಂಕಿನ ಹಣಕಾಸು ನೀತಿ. ನಾನು ಬೇಸಾಯ ಶಾಸ್ತ್ರದವನು, ಅರ್ಥಶಾಸ್ತ್ರದವನಲ್ಲ. ಆದರೂ ಸಾಲವಿಲ್ಲದ ಬೇಸಾಯವನ್ನು ನಾನು ಕಂಡದ್ದು ಅಪರೂಪವಾದ್ದರಿಂದ ಈ ನಾಲ್ಕು ಮಾತು.

ಬ್ಯಾಂಕುಗಳಿಗೆ ರಿಜರ್ವ್ ಬ್ಯಾಂಕು ಅಲ್ಪಾವಧಿ ಸಾಲ ಕೊಡುವ ಬಡ್ಡಿಗೆ ರೆಪೊ ದರ ಎನ್ನುತ್ತಾರೆ. 2016ರ ಕಾಯ್ದೆ ತಿದ್ದುಪಡಿಯಿಂದೀಚೆಗೆ ಇದನ್ನು ಆರು ಜನರ ಸಮಿತಿ ಗೊತ್ತುಪಡಿಸುತ್ತದೆ. ತೀರ್ಮಾನವು ಸಭೆ ಮುಗಿದ ದಿನವೇ ಪ್ರಕಟವಾಗುತ್ತದೆ. ಯಾರು ಹೇಗೆ ಮತ ಹಾಕಿದರು, ಏಕೆ ಹಾಕಿದರು ಎಂಬುದು ಹದಿನಾಲ್ಕನೆಯ ದಿನ ಹೊರಬರುತ್ತದೆ. ಅಮೆರಿಕದಲ್ಲಿ 1994ರವರೆಗೆ ಇಂಥ ಪ್ರಕಟಣೆಯೇ ಇರಲಿಲ್ಲ. ಪೇಟೆಯವರು ವ್ಯವಹಾರ ನೋಡಿ ಊಹಿಸಬೇಕಾಗಿತ್ತು. 2019ರಿಂದ ಅಲ್ಲಿ ಪ್ರತಿ ಸಭೆಯ ನಂತರವೂ ಅಧ್ಯಕ್ಷರು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಗುರಿ ತಪ್ಪಿದಾಗ ಏನು? ಇಂಗ್ಲೆಂಡಿನಲ್ಲಿ ಬೆಲೆಯೇರಿಕೆ ಶೇ. 2ರ ಗುರಿಯಿಂದ ಒಂದಂಶಕ್ಕಿಂತ ಹೆಚ್ಚು ಸರಿದರೆ ಗವರ್ನರರು ಅರ್ಥಮಂತ್ರಿಗೆ ಬಹಿರಂಗ ಪತ್ರ ಬರೆಯಬೇಕು. ನಮ್ಮಲ್ಲಿ 2022ರಲ್ಲಿ ಸತತ ಮೂರು ತ್ರೈಮಾಸಿಕಗಳಲ್ಲಿ ಬೆಲೆಯೇರಿಕೆ ಶೇ. 6ನ್ನು ಮೀರಿತು. ಸರ್ಕಾರಕ್ಕೆ ವರದಿಯೇನೋ ಹೋಯಿತು, ಆದರೆ ಅದನ್ನು ಆಗ ಪ್ರಕಟಿಸಲಿಲ್ಲ. ಈ ವಿಷಯದಲ್ಲಿ ಇಂಗ್ಲೆಂಡಿನ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಭಾಷೆ. ಇಂಗ್ಲೆಂಡಿನ ಬ್ಯಾಂಕು 2017ರಿಂದ ತನ್ನ ವರದಿಯ ಜೊತೆಗೆ ಜನಸಾಮಾನ್ಯರಿಗೆಂದು ಚಿತ್ರಸಹಿತ ಸರಳ ಸಾರಾಂಶ ಕೊಡುತ್ತಿದೆ. ಜಮೈಕಾದ ಬ್ಯಾಂಕು ಬೆಲೆಯೇರಿಕೆಯ ಪಾಠವನ್ನು ಅಲ್ಲಿನ ರೆಗ್ಗೆ ಹಾಡಿನಲ್ಲೇ ಹೇಳಿಸಿತು. ನಮ್ಮ ಗೀಗೀ ಮೇಳದವರಿಗೆ ಇದೇನೂ ಕಷ್ಟದ ಕೆಲಸವಲ್ಲ! ನಮ್ಮ ಗವರ್ನರರು ಓದುವುದು ಇಂಗ್ಲಿಷಿನಲ್ಲಿ. 2024ರ ಡಿಸೆಂಬರ್ 6ರ ಭಾಷಣದಲ್ಲಿ ರೈತರಿಗೆ ನೇರವಾಗಿ ಬೇಕಾದ ಮಾತೊಂದಿತ್ತು: ಅಡಮಾನವಿಲ್ಲದೆ ಕೊಡುವ ಕೃಷಿ ಸಾಲದ ಮಿತಿ 1.60 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿತು. 2025ರ ಜನವರಿ 1ರಿಂದ ಜಾರಿಗೆ ಬಂತು. ಇದು ತಿಳಿಯದ ರೈತ 1.80 ಲಕ್ಷದ ಸಾಲಕ್ಕೆ ಹೊಲವನ್ನೇ ಅಡವಿಡಲು ಒಪ್ಪಿಬಿಡಬಹುದು.

ರೆಪೊ ಏರಿದೊಡನೆ ಎಲ್ಲ ಸಾಲದ ಬಡ್ಡಿಯೂ ಏರುವುದಿಲ್ಲ. ಬಡ್ಡಿ ಸಹಾಯಧನವಿರುವ ಬೆಳೆಸಾಲದ ದರವನ್ನು ಸರ್ಕಾರ ಗೊತ್ತುಮಾಡುತ್ತದೆ. ಬ್ಯಾಂಕಿನ ಬದಲಾಗುವ ಬಡ್ಡಿಯ ಮನೆಸಾಲದ ಕಥೆ ಬೇರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ. 4ರಿಂದ 6.50ಕ್ಕೆ ಏರಿದಾಗ ಅಂಥ ಸಾಲಗಾರರ ಕಂತು ಇಲ್ಲವೆ ಅವಧಿ ಬೆಳೆಯಿತು. ಟ್ರ್ಯಾಕ್ಟರ್ ಸಾಲ ಪಡೆಯುವಾಗ ಬಡ್ಡಿ ಸ್ಥಿರವೋ, ಬದಲಾಗುವಂಥದ್ದೋ ಎಂದು ಸಹಿಗೆ ಮೊದಲೇ ಕೇಳಿಕೊಳ್ಳಬೇಕು.

ಆ ಭಾಷಣದಲ್ಲಿ ನಮ್ಮ ಬೆಳೆಯೂ ಇರುತ್ತದೆ, ಆದರೆ ಕೊಳ್ಳುವವರ ಕಡೆಯಿಂದ. 2023ರ ಜುಲೈಯಲ್ಲಿ ಟೊಮ್ಯಾಟೊ ತುಟ್ಟಿಯಾಗಿ ಬೆಲೆಯೇರಿಕೆ ಶೇ. 7.44 ಮುಟ್ಟಿತು. ಆಗಸ್ಟ್ 10ರ ಪ್ರಕಟಣೆಯಲ್ಲಿ ತರಕಾರಿ ಬೆಲೆಯ ಚಿಂತೆ ಕಂಡುಬಂತು. ಆಗಸ್ಟ್ 19ರಂದು ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಬಿತ್ತು. ಸುಂಕ ಹಾಕಿದ್ದು ಸರ್ಕಾರ, ಬ್ಯಾಂಕಲ್ಲ. ಆದರೆ ಇಬ್ಬರೂ ನೋಡುವ ಬೆಲೆಪಟ್ಟಿ ಒಂದೇ. ಈರುಳ್ಳಿ ಕಿತ್ತು ಒಣಹಾಕಿದವರು ಆ ಪ್ರಕಟಣೆ ಬಂದ ದಿನದ ಪತ್ರಿಕೆಯಲ್ಲಿ ತರಕಾರಿ, ಕಾಳುಗಳ ಬಗೆಗೆ ಏನು ಬರೆದಿದೆ ಎಂದು ಮೊದಲು ಹುಡುಕುವುದು ಒಳ್ಳೆಯದು.