ಹಳೆಯ ಕಟ್ಟಡ, ಹೊಸ ಬಾಳು: ಕೆಲವು ತಪ್ಪು ಕಲ್ಪನೆಗಳು

ಶತಮಾನ ಕಂಡ ಕಟ್ಟಡವೊಂದರ ಗೋಡೆಯಲ್ಲಿ ಬಿರುಕು ಕಾಣಿಸಿತೆಂದರೆ, ಅದನ್ನು ಕೆಡವುವುದೇ ವಿವೇಕವೆಂದೂ, ಅದರ ಸ್ಥಳದಲ್ಲಿ ಏಳುವ ನೂತನ ಕಟ್ಟಡವು ವಿದ್ಯುತ್ತನ್ನು ಮಿತವಾಗಿ ಬಳಸುವುದರಿಂದ ಪರಿಸರಕ್ಕೂ ಅದೇ ಹಿತವೆಂದೂ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಈ ಲೆಕ್ಕದಲ್ಲಿ ನಿರ್ಮಾಣದ ಬಾಬತ್ತೇ ಬಿಟ್ಟುಹೋಗಿದೆ. ಹಳೆಯ ಗೋಡೆಯ ಇಟ್ಟಿಗೆಯನ್ನು ಸುಡಲು, ಸುಣ್ಣವನ್ನು ಬೇಯಿಸಲು, ಕಲ್ಲನ್ನು ಕಡಿದು ಸಾಗಿಸಲು ಆಗಬೇಕಾದ ವ್ಯಯವೆಲ್ಲ ಎಂದೋ ಆಗಿಹೋಗಿದೆ. ಹೊಸದಕ್ಕಾದರೋ ಸಿಮೆಂಟು, ಉಕ್ಕು, ಗಾಜು ಎಲ್ಲವನ್ನೂ ಮೊದಲಿನಿಂದ ತಯಾರಿಸಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ವಿಸರ್ಜನೆಯಲ್ಲಿ ಸಿಮೆಂಟ್ ಉದ್ಯಮವೊಂದರ ಪಾಲೇ ಶೇಕಡ 7ರಿಂದ 8ರಷ್ಟಿದೆ. ಆ ಹೊರೆಯನ್ನು ವಿದ್ಯುತ್ತಿನ ಉಳಿತಾಯದಿಂದ ತೀರಿಸಲು ದಶಕಗಳೇ ಹಿಡಿಯಬಹುದು.

ಪುರಾತನ ಕಟ್ಟಡಕ್ಕೆ ಬೇರೆ ಕೆಲಸ ಒಪ್ಪಿಸಿದರೆ ಅದರ ಘನತೆಗೆ ಭಂಗ ಬರುವುದೆಂಬ ನಂಬಿಕೆಗೂ ಆಧಾರ ಸಾಲದು. 1861ರಲ್ಲಿ ನಿರ್ಮಿತವಾದ ಮೈಸೂರಿನ ಜಗನ್ಮೋಹನ ಅರಮನೆ, 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ತುತ್ತಾದಾಗ ರಾಜಕುಟುಂಬಕ್ಕೆ ಆಶ್ರಯವಾಯಿತು; 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರ ಸ್ವೀಕಾರಕ್ಕೆ ಸಭಾಂಗಣವಾಯಿತು; 1915ರಲ್ಲಿ ಚಿತ್ರಶಾಲೆಯಾಯಿತು. ಬೆಂಗಳೂರಿನ ಮಾಣಿಕ್ಯವೇಲು ಮಹಲು 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿದೆ. ನನಗೆ ತೋರುವಂತೆ, ಬೀಗ ಹಾಕಿದ ಮನೆಗಿಂತ ಜನ ಓಡಾಡುವ ಮನೆಯೇ ಹೆಚ್ಚು ಕಾಲ ಬಾಳುತ್ತದೆ; ಹೆಂಚು ಜರುಗಿ ಮಳೆಯ ನೀರು ಸೋರಿದರೆ ಅದನ್ನು ಅಂದೇ ಕಾಣುವ ಕಣ್ಣು ಅಲ್ಲಿರುತ್ತದೆ.

ಹಳೆಯ ಕಟ್ಟಡವನ್ನು ಹೀಗೆ ಹೊಸ ಬಳಕೆಗೆ ಅಣಿಗೊಳಿಸಲು ನೆರವಾಗುವ ಗಣಕಯಂತ್ರದ ವಿಧಾನಗಳ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ತಪ್ಪು ತಿಳಿವಳಿಕೆಗಳುಂಟು. ಅದೆಲ್ಲ ಬರಿಯ ಚಿತ್ರವಿಲಾಸವೆಂಬುದು ಒಂದು. ಲೇಸರ್ ಸ್ಕ್ಯಾನರ್ ಬೆಳಕಿನ ಕಿರಣವನ್ನು ಹಾಯಿಸಿ, ಅದು ಮರಳಿ ಬರುವ ರೀತಿಯಿಂದ ದೂರವನ್ನು ಅಳೆದು, ಕಟ್ಟಡದ ಮೇಲ್ಮೈಯನ್ನು ಕೋಟ್ಯಂತರ ಬಿಂದುಗಳಾಗಿ ದಾಖಲಿಸುತ್ತದೆ. ಕಣ್ಣಿಗೆ ನೆಟ್ಟಗಿರುವಂತೆ ಕಂಡ ಗೋಡೆ ಎಷ್ಟು ವಾಲಿದೆಯೆಂಬುದು ಆಗ ಮಿಲಿಮೀಟರುಗಳ ಲೆಕ್ಕದಲ್ಲಿ ತಿಳಿಯುತ್ತದೆ. ಆ ಬಿಂದುಗಳಿಂದ ರಚಿಸಿದ ಮಾದರಿಯಲ್ಲಿ ತೊಲೆ, ಕಮಾನು, ಬಾಗಿಲುಗಳ ವಸ್ತು, ವಯಸ್ಸು, ಹಿಂದೆ ನಡೆದ ದುರಸ್ತಿಗಳನ್ನು ನಮೂದಿಸಿಟ್ಟರೆ, ಲಿಫ್ಟು, ಕೊಳವೆ, ವೈರುಗಳು ಎಲ್ಲಿ ಹಾಯಬೇಕೆಂಬುದನ್ನು ಗೋಡೆಗೆ ಒಂದು ತೂತನ್ನೂ ಕೊರೆಯದೆ ಮೊದಲೇ ಪರೀಕ್ಷಿಸಬಹುದು. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯನ್ನು ಕಲಾ ಇತಿಹಾಸಜ್ಞ ಆಂಡ್ರ್ಯೂ ಟ್ಯಾಲನ್ ಹೀಗೆಯೇ ಅಳೆದಿಟ್ಟಿದ್ದರು. 2019ರ ಏಪ್ರಿಲಿನಲ್ಲಿ ಅದರ ಮಾಡು ಉರಿದುಹೋದ ಮೇಲೆ, ಪುನರ್ನಿರ್ಮಾಣ ಮಾಡಿದವರಿಗೆ ಆ ಅಳತೆಗಳು ನೆರವಾದವು.

ಯಂತ್ರವೊಂದಿದ್ದರೆ ಸಾಕು, ಕುಶಲಿಗಳು ಬೇಡವೆಂಬುದು ಇನ್ನೊಂದು. ಇದು ಹೆಚ್ಚು ಅಪಾಯಕರವಾದುದು. ಕಿರಣವು ಮೇಲ್ಮೈಯನ್ನು ಕಾಣುವುದೇ ಹೊರತು ಒಳಗಣದನ್ನು ಕಾಣದು. ಸುಣ್ಣದ ಗಾರೆಯ ಹಳೆಯ ಗೋಡೆಯು ಹೀರಿದ ತೇವವನ್ನು ಗಾರೆಯ ಮೂಲಕವೇ ಆರಿಸಿಕೊಳ್ಳುತ್ತದೆ. ಅದರ ಮೇಲೆ ಯಾರೋ ಸಿಮೆಂಟು ಬಳಿದಿದ್ದರೆ, ತೇವ ಹೊರಬರಲಾರದೆ, ಒಳಗೇ ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ಪರದೆಯ ಮೇಲೆ ಆ ಗೋಡೆ ನುಣುಪಾಗಿ, ಆರೋಗ್ಯವಾಗಿಯೇ ಕಾಣಬಹುದು. ಅನುಭವಸ್ಥನಾದ ಗಾರೆಯವನು ಬೆರಳ ಗೆಣ್ಣಿನಿಂದ ತಟ್ಟುತ್ತ ಸಾಗಿ, ಪೊಳ್ಳು ಸದ್ದು ಬಂದೆಡೆ ನಿಲ್ಲುತ್ತಾನೆ. ಆ ಜಾಗವನ್ನು ಮಾದರಿಯಲ್ಲಿ ಗುರುತಿಸಿ, ಸಿಮೆಂಟನ್ನು ಕಿತ್ತು, ಗೋಡೆ ಆರಿದ ಬಳಿಕ ಸುಣ್ಣದ ಗಾರೆಯನ್ನೇ ಬಳಿದು, ಅನಂತರ ಕೊಳವೆ, ವೈರುಗಳ ಕೆಲಸಕ್ಕೆ ಕೈಹಚ್ಚಬೇಕು. ಈ ಕ್ರಮ ಹಿಂದುಮುಂದಾದರೆ, ಹೊಸ ಬಣ್ಣದ ಅಡಿಯಲ್ಲೇ ಗೋಡೆ ಮತ್ತೆ ಉದುರತೊಡಗುತ್ತದೆ.